ಯಜಮಾನಿಕೆ

ವ್ಯಾಪಾರ ವ್ಯವಹಾರಗಳ ವಿಷಯವಾಗಿ ಮಾತನಾಡಲು ಕನ್ನಡದ ಮೇಷ್ಟರೊಬ್ಬನಿಗೆ ಏನು ಅಧಿಕಾರವೆಂದು ಕೇಳುಗರಲ್ಲಿ ಕೆಲವರಾದರೂ ಯೋಚಿಸುತ್ತಿರಬಹುದು. ಅವರ ಸಂಶಯ ನ್ಯಾಯವಾದದ್ದೇ. ನಾನು ಬದುಕಿನಲ್ಲಿ ನಡೆಸಿದ ದೊಡ್ಡ ವ್ಯವಹಾರವೆಂದರೆ ತಿಂಗಳ ಮೊದಲ ವಾರದಲ್ಲಿ ಸಂಬಳ ತೆಗೆದುಕೊಂಡದ್ದು, ಕೊನೆಯ ವಾರದಲ್ಲಿ ಕೈಗಡ ಮಾಡಿದ್ದು. ಆದರೂ ಒಂದು ಮಾತುಂಟು. ನಾನು ಕಂಡಮಟ್ಟಿಗೆ ಮನೆತನದ ವ್ಯಾಪಾರಗಳು ಲೆಕ್ಕದ ತಪ್ಪಿನಿಂದ ಕೆಟ್ಟದ್ದಕ್ಕಿಂತ ಮಾತಿನ ತಪ್ಪಿನಿಂದ ಕೆಟ್ಟದ್ದು ಹೆಚ್ಚು. ಆಡಬೇಕಾದ ಮಾತನ್ನು ಆಡದೆ ನುಂಗಿಕೊಂಡದ್ದರಿಂದ, ಬರೆಯಬೇಕಾದದ್ದನ್ನು ಬರೆಯದೆ ಬಿಟ್ಟದ್ದರಿಂದ, ಒಂದೇ ಶಬ್ದದೊಳಗೆ ಎರಡು ಮೂರು ಅರ್ಥಗಳನ್ನು ತುಂಬಿ ಅದನ್ನೇ ನಂಬಿ ಕುಳಿತದ್ದರಿಂದ ಅವು ಕೆಟ್ಟಿವೆ. ಮಾತಿನ ತಪ್ಪುಗಳನ್ನು ತಿದ್ದುವುದು ನನ್ನ ಕಸುಬಾಗಿತ್ತು. ಆ ಸಲುಗೆಯಿಂದ ಈ ಹೊತ್ತು ಒಂದೇ ಒಂದು ಶಬ್ದವನ್ನು ಹಿಡಿದುಕೊಂಡು ತಮ್ಮ ಮುಂದೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಆ ಶಬ್ದ ‘ಯಜಮಾನ’.

ಈಗ ನಾವು ಮನೆಯ ಹಿರಿಯನನ್ನು ಯಜಮಾನ ಎನ್ನುತ್ತೇವೆ. ಅಂಗಡಿಯ ಒಡೆಯನನ್ನೂ ಯಜಮಾನ ಎನ್ನುತ್ತೇವೆ. ನಮ್ಮ ಹೆಣ್ಣುಮಕ್ಕಳು ಗಂಡನ ಹೆಸರು ಹೇಳಬಾರದೆಂದು ‘ನಮ್ಮ ಯಜಮಾನರು’ ಎನ್ನುತ್ತಾರೆ. ಆದರೆ ಆ ಶಬ್ದ ಹುಟ್ಟಿದ್ದು ಮನೆಯಲ್ಲಿಯೂ ಅಲ್ಲ, ಅಂಗಡಿಯಲ್ಲಿಯೂ ಅಲ್ಲ; ಯಾಗಶಾಲೆಯಲ್ಲಿ. ತನ್ನ ದ್ರವ್ಯವನ್ನು ವೆಚ್ಚಮಾಡಿ ತನಗಾಗಿ ಯಜ್ಞ ಮಾಡಿಸುವವನು ಯಜಮಾನ. ಸಂಕಲ್ಪ ಅವನದು, ಧನ ಅವನದು, ಫಲವೂ ಅವನದೇ. ಕ್ರಿಯೆಯನ್ನು ನಡೆಸತಕ್ಕವರು ಮಾತ್ರ ಬೇರೆ. ಹೋತೃವು ಋಕ್ಕುಗಳನ್ನು ಹೇಳುತ್ತಾನೆ, ಅಧ್ವರ್ಯುವು ಕೈಕೆಲಸವನ್ನು ನಡೆಸುತ್ತಾನೆ, ಉದ್ಗಾತೃವು ಸಾಮವನ್ನು ಹಾಡುತ್ತಾನೆ. ನಾಲ್ಕನೆಯವನಾದ ಬ್ರಹ್ಮನೆಂಬ ಋತ್ವಿಜನು ಬಹುಪಾಲು ಮೌನವಾಗಿ ಕುಳಿತಿದ್ದು, ಎಲ್ಲಿ ತಪ್ಪು ನಡೆಯಿತೋ ಅಲ್ಲಿ ಎಚ್ಚರಿಸಿ ಅದಕ್ಕೆ ಪ್ರಾಯಶ್ಚಿತ್ತ ಮಾಡಿಸುತ್ತಾನೆ. ಇವರನ್ನೆಲ್ಲ ಯಜಮಾನನು ಅವರವರ ವಿದ್ಯೆಯನ್ನು ನೋಡಿ ವರಿಸಿಕೊಂಡು ದಕ್ಷಿಣೆ ಕೊಡುತ್ತಾನೆ. ಪತ್ನಿಯಿಲ್ಲದೆ ಅವನಿಗೆ ಯಾಗದ ಅಧಿಕಾರವೇ ಇಲ್ಲ. ಕಡೆಗೆ ಅವಭೃಥಸ್ನಾನ ಮಾಡಿ ದೀಕ್ಷೆಯನ್ನು ಬಿಟ್ಟು ಅವನು ಶಾಲೆಯಿಂದ ಹೊರಗೆ ಬರುತ್ತಾನೆ. ಯಜಮಾನಿಕೆಗೆ ಆರಂಭವಿದ್ದಂತೆ ಮುಕ್ತಾಯವೂ ಉಂಟು.

ಈ ಶಬ್ದ ಕನ್ನಡಿಗರ ಮನೆಯೊಳಕ್ಕೆ ಬಂದಾಗ ಏನಾಯಿತೆಂದರೆ, ಬೇರೆ ಬೇರೆಯಾಗಿದ್ದ ಮೂರು ಸಂಗತಿಗಳು ಒಂದೇ ಪೆಟ್ಟಿಗೆಯೊಳಗೆ ಸೇರಿಹೋದುವು. ರಕ್ತದ ಹಿರಿತನ ಒಂದು, ಸ್ವತ್ತಿನ ಒಡೆತನ ಇನ್ನೊಂದು, ಕೆಲಸವನ್ನು ನಡೆಸುವ ಆಡಳಿತ ಮತ್ತೊಂದು. ವ್ಯಾಪಾರವನ್ನು ಹುಟ್ಟುಹಾಕಿದವನ ಕಾಲದಲ್ಲಿ ಇದರಿಂದ ತೊಂದರೆಯಿಲ್ಲ. ಅವನೇ ತಂದೆ, ಅವನೇ ಒಡೆಯ, ಅವನೇ ಬೆಳಗ್ಗೆ ಬಾಗಿಲು ತೆರೆಯುವವನು. ಎರಡನೆಯ ತಲೆಮಾರಿನಲ್ಲಿ ಒಡೆಯರು ಇಬ್ಬರು ಮೂವರಾಗುತ್ತಾರೆ. ಮೂರನೆಯದರಲ್ಲಿ ಹತ್ತು ಹನ್ನೆರಡು ಮಂದಿಯಾಗುತ್ತಾರೆ. ಕುರ್ಚಿ ಮಾತ್ರ ಒಂದೇ. ಆಗ ಆ ಪೆಟ್ಟಿಗೆಯನ್ನು ಬಿಚ್ಚಿ ಮೂರನ್ನೂ ಬೇರೆ ಬೇರೆಯಾಗಿ ಇಡದೆ ಗತ್ಯಂತರವಿಲ್ಲ. ಬಿಚ್ಚಲೊಲ್ಲದ ಮನೆಯಲ್ಲಿ ಏನಾಗುತ್ತದೆಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅದರಲ್ಲಿ ನನ್ನ ಕೈವಾಡವೂ ಸ್ವಲ್ಪ ಇದ್ದುದರಿಂದ ಆ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಬಹುಕಾಲ ಕೆಲಸ ಮಾಡಿದ ಊರಿನಲ್ಲಿ ನನ್ನ ಸ್ನೇಹಿತರೊಬ್ಬರ ಅಚ್ಚುಕೂಟವಿತ್ತು. ಅವರ ತಂದೆ ಒಂದು ಟ್ರೆಡಲ್ ಯಂತ್ರದಿಂದ ಆರಂಭಿಸಿದ್ದು. ಮದುವೆಯ ಕರೆಯೋಲೆ, ಜಾತ್ರೆಯ ಕರಪತ್ರ, ಸಹಕಾರ ಸಂಘಗಳ ವಾರ್ಷಿಕ ವರದಿ, ನಮ್ಮಂಥವರ ಮಾರಾಟವಾಗದ ವಿಮರ್ಶಾ ಗ್ರಂಥ, ಎಲ್ಲವೂ ಅಲ್ಲಿ ಅಚ್ಚಾಗುತ್ತಿದ್ದುವು. ಮೊಳೆ ಜೋಡಿಸುವ ಕಾಲ ಹೋಗಿ ಆಫ್‌ಸೆಟ್ ಬಂದಾಗಲೂ ಅವರು ಎದೆಗುಂದದೆ ಸಾಲ ಮಾಡಿ ಹೊಸ ಯಂತ್ರ ತಂದರು. ಹದಿನೇಳು ಮಂದಿ ಕೆಲಸಗಾರರಿದ್ದರು. ನನ್ನ ಸ್ನೇಹಿತರೂ ಅವರ ತಮ್ಮನೂ ಪಾಲುದಾರರು. ತಂದೆಯ ಕಾಲದ ಒಂದು ಪುಟದ ಕರಾರುಪತ್ರವೊಂದೇ ಅವರಿಬ್ಬರ ನಡುವಿನ ಸಂವಿಧಾನ. ತಮ್ಮ ಹಣ ಹೂಡಿದ್ದರೇ ಹೊರತು ಅಚ್ಚುಕೂಟದ ಕಡೆ ಬರುತ್ತಿದ್ದುದು ಆಯುಧಪೂಜೆಯ ದಿನ ಮಾತ್ರ. ಗಲ್ಲಾಪೆಟ್ಟಿಗೆಯ ಬೀಗದ ಕೈ ಸದಾ ನನ್ನ ಸ್ನೇಹಿತರ ಸೊಂಟದಲ್ಲಿ.

ಅವರಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಹಿರಿಯ ಮಗ ಎಂಜಿನಿಯರಾಗಿ ಬೆಂಗಳೂರು ಸೇರಿದ್ದ. ಕಿರಿಯವನು ಅಂಗಡಿಯ ಮುಂಭಾಗದಲ್ಲಿ ಕುಳಿತು ಗಿರಾಕಿಗಳೊಡನೆ ಮಾತನಾಡುತ್ತಿದ್ದ. ಒಳ್ಳೆಯ ಹುಡುಗ, ಯಾರಿಗೂ ಇಲ್ಲವೆನ್ನಲಾರದವನು. ಮಗಳು ವಾಣಿಜ್ಯಶಾಸ್ತ್ರದ ಪದವೀಧರೆ. ಮದುವೆಯಾಗಿ ಅದೇ ಊರಿನಲ್ಲಿದ್ದುದರಿಂದ ಹನ್ನೆರಡು ವರ್ಷ ಆಕೆಯೇ ಲೆಕ್ಕ ಬರೆದಳು. ಕಾಗದದ ವ್ಯಾಪಾರಿಗೆ ಎಷ್ಟು ಬಾಕಿ, ಯಾವ ಕಚೇರಿಯಿಂದ ಹಣ ಯಾವಾಗ ಬರುತ್ತದೆ, ಒಂದು ಫಾರಂ ಅಚ್ಚುಹಾಕಲು ನಿಜವಾಗಿ ಎಷ್ಟು ತಗಲುತ್ತದೆ ಎಂಬುದೆಲ್ಲ ಆಕೆಗೆ ಬಾಯಿಪಾಠ. ಆಕೆಗೆ ಸಂಬಳವಿರಲಿಲ್ಲ. ಹಬ್ಬಕ್ಕೆ ಸೀರೆ ಬರುತ್ತಿತ್ತು.

2009ರ ಯುಗಾದಿಯ ಸಂಜೆ ನನ್ನ ಸ್ನೇಹಿತರು ನನ್ನನ್ನು ಕರೆಸಿಕೊಂಡು, ‘ಒಂದು ವ್ಯವಸ್ಥಾಪತ್ರ ಬರೆದುಕೊಡಿ, ವಕೀಲರ ಕನ್ನಡ ನನಗೆ ಹಿಡಿಸುವುದಿಲ್ಲ, ಆಮೇಲೆ ಬೇಕಾದರೆ ಅವರು ನೋಡಲಿ’ ಎಂದರು. ನಾನು ಒಂದು ವಾರ ಕುಳಿತು ಬರೆದೆ. ಹಳೆಯ ದಾನಶಾಸನಗಳನ್ನು ಪಾಠ ಹೇಳಿದ ಗತ್ತೆಲ್ಲ ಆ ಕರಡಿನೊಳಗೆ ಬಂದಿತ್ತು. ತಮ್ಮ ತರುವಾಯ ಅಚ್ಚುಕೂಟದ ಯಜಮಾನಿಕೆಯು ಜ್ಯೇಷ್ಠಪುತ್ರನಿಗೆ ಸೇರತಕ್ಕುದೆಂದೂ, ಮಿಕ್ಕವರಿಗೆ ಇಂತಿಂಥ ಭಾಗವೆಂದೂ ಬರೆದು, ಎಲ್ಲರೂ ಕುಳಿತಿದ್ದಾಗ ಗಟ್ಟಿಯಾಗಿ ಓದಿದೆ. ಮಗಳು ಕಾಫಿಯ ಲೋಟಗಳನ್ನು ಹಿಡಿದು ಬಾಗಿಲ ಬಳಿ ನಿಂತಿದ್ದಳು. ಓದು ಮುಗಿದ ಮೇಲೆ ಆಕೆ ಕೇಳಿದ್ದು ಒಂದೇ ಪ್ರಶ್ನೆ: ‘ಮೇಷ್ಟ್ರೇ, ಇದರಲ್ಲಿ ನನ್ನ ಕೆಲಸಕ್ಕೆ ಏನೆಂದು ಹೆಸರು ಬರೆದಿದ್ದೀರಿ?’ ನಾನು, ‘ನಿನಗೆ ಸಲ್ಲಬೇಕಾದ ಭಾಗ ಬರುತ್ತದಮ್ಮ’ ಎಂದೆ. ‘ನಾನು ಭಾಗ ಕೇಳಲಿಲ್ಲ’ ಎಂದು ಆಕೆ ಲೋಟಗಳನ್ನು ಇಟ್ಟು ಒಳಗೆ ಹೋದಳು. ಆಕೆಯ ಮಾತಿನ ಅರ್ಥ ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ. ಆ ಕಥೆಯ ಉಳಿದ ಭಾಗಕ್ಕೆ ಕೊನೆಯಲ್ಲಿ ಬರುತ್ತೇನೆ.

ಭಾಗ ಬೇರೆ, ಕೆಲಸ ಬೇರೆ. ನಮ್ಮ ತಲೆಯಲ್ಲಿ ಇವೆರಡೂ ಇಷ್ಟು ಗಟ್ಟಿಯಾಗಿ ಅಂಟಿಕೊಂಡಿರುವುದಕ್ಕೆ ಒಂದು ದೊಡ್ಡ ಚರಿತ್ರೆಯಿದೆ. ಆ ಚರಿತ್ರೆ ನಮ್ಮ ನಾಡಿನದೇ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದವನು. ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ. ಹೆಸರು ಮಿತಾಕ್ಷರಾ, ಅದರ ಆಳ್ವಿಕೆ ಮಾತ್ರ ಅಮಿತವಾಯಿತು. ಬಂಗಾಳದ ಕಡೆಯಲ್ಲಿ ನಡೆದದ್ದು ಜೀಮೂತವಾಹನನ ‘ದಾಯಭಾಗ’. ಅದರ ಮತದಲ್ಲಿ ತಂದೆ ತೀರಿದ ಮೇಲೆಯೇ ಮಗನಿಗೆ ಸ್ವತ್ತಿನಲ್ಲಿ ಹಕ್ಕು. ವಿಜ್ಞಾನೇಶ್ವರನು ಹುಟ್ಟಿನಿಂದಲೇ ಹಕ್ಕೆಂದ. ಪಿತ್ರಾರ್ಜಿತವಾದ ಆಸ್ತಿಯಲ್ಲಿ ತೊಟ್ಟಿಲ ಮಗುವೂ ತಂದೆಗೆ ಸಮನಾದ ಪಾಲುಗಾರ. ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿವ್ಯವಹಾರ ಎಂಟು ನೂರು ವರ್ಷಗಳಿಗೂ ಮಿಕ್ಕು ಈ ಸೂತ್ರವನ್ನೇ ಹಿಡಿದು ನಡೆದುಬಂದಿತು.

ಹೊಲಮನೆಗಳ ಮಟ್ಟಿಗೆ ಇದು ದೊಡ್ಡ ನ್ಯಾಯ. ತಂದೆ ದುಂದುಗಾರನಾದರೂ ಮಕ್ಕಳ ಅನ್ನ ತಪ್ಪದಂತೆ ಅದು ಕಾಯಿತು. ಆದರೆ ಹೊಲದ ಗುಣ ಬೇರೆ, ವ್ಯಾಪಾರದ ಗುಣ ಬೇರೆ. ನಾಲ್ಕು ಎಕರೆಯನ್ನು ನಾಲ್ವರಿಗೆ ಹಂಚಿದರೆ ಒಂದೊಂದು ಎಕರೆಯಾದರೂ ಮಣ್ಣು ಉಳಿಯುತ್ತದೆ. ಒಂದು ಅಚ್ಚುಯಂತ್ರವನ್ನು ನಾಲ್ವರಿಗೆ ಹಂಚಿದರೆ ಉಳಿಯುವುದು ಕಬ್ಬಿಣ. ಹುಟ್ಟಿನಿಂದ ಪಾಲು ಬರಬಹುದು. ಸಾಲಗಾರನೊಡನೆ ಮಾತನಾಡುವ ಜಾಣ್ಮೆ, ಕೆಲಸಗಾರನ ವಿಶ್ವಾಸ, ಸರಕಿನ ಬೆಲೆ ಕಟ್ಟುವ ಕಣ್ಣು, ಇವು ಯಾವ ಸ್ಮೃತಿಯ ಪ್ರಕಾರವೂ ಹುಟ್ಟಿನಿಂದ ಬರುವುದಿಲ್ಲ. ಅವಿಭಕ್ತ ಕುಟುಂಬದಲ್ಲಿ ಆಡಳಿತ ನಡೆಸುವವನನ್ನು ‘ಕರ್ತಾ’ ಎನ್ನುತ್ತಾರೆ. ಕರ್ತೃವೆಂದರೆ ಮಾಡುವವನು. ವ್ಯವಹಾರದಲ್ಲಿ ಆ ಪದವಿ ಬರುತ್ತಿದ್ದುದು ಮಾಡಿದವನಿಗಲ್ಲ, ಮೊದಲು ಹುಟ್ಟಿದ ಗಂಡಸಿಗೆ.

ಇದೇ ಪ್ರಕೃತಿಯ ನಿಯಮವೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಕರಾವಳಿಯ ಅಳಿಯಸಂತಾನದಲ್ಲಿ ಸ್ವತ್ತು ಹೆಣ್ಣಿನ ಸಂತತಿಯನ್ನು ಹಿಡಿದು ಹರಿಯುತ್ತಿತ್ತು. ಅಲ್ಲಿ ಯಜಮಾನನಿದ್ದಂತೆ ಯಜಮಾನ್ತಿಯೂ ಇದ್ದಳು. ಜಪಾನಿನಲ್ಲಿ ಮಗನಿಲ್ಲದಿದ್ದಾಗ, ಕೆಲವೊಮ್ಮೆ ಮಗನಿದ್ದರೂ ಸಮರ್ಥನಲ್ಲವೆಂದು ಕಂಡಾಗ, ಸಮರ್ಥನೊಬ್ಬನನ್ನು ಅಳಿಯನನ್ನಾಗಿ ತಂದು ಮನೆತನದ ಹೆಸರನ್ನೇ ಅವನಿಗೆ ಕೊಟ್ಟು ದತ್ತು ಮಾಡಿಕೊಳ್ಳುವ ರೂಢಿಯುಂಟು. ಒಸಾಮು ಸುಜುಕಿ ಹುಟ್ಟಿದ್ದು ಮತ್ಸುದಾ ಎಂಬ ಮನೆತನದಲ್ಲಿ. ಸುಜುಕಿ ಮನೆಯ ಅಳಿಯನಾಗಿ ಬಂದು, 1958ರಲ್ಲಿ ಕಂಪನಿಯನ್ನು ಸೇರಿ, 1978ರಲ್ಲಿ ಅದರ ಅಧ್ಯಕ್ಷನಾದ. 1982ರಲ್ಲಿ ನಮ್ಮ ಮಾರುತಿಯೊಡನೆ ಒಪ್ಪಂದ ಮಾಡಿಕೊಂಡವನು ಅವನೇ. ‘ಮನೆಅಳಿಯ’ ಎಂಬ ಮಾತು ನಮ್ಮಲ್ಲಿ ಹಾಸ್ಯದ ವಸ್ತು. ಅಲ್ಲಿ ಅದು ಒಂದು ಉದ್ಯಮವನ್ನು ಉಳಿಸಿದ ಉಪಾಯ.

ಕಾಯಿದೆಯೇನೋ ನಡೆದು ಬಂದಿದೆ. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿ ಮದುವೆಯಾಗದ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದಲ್ಲಿ ಸಮಪಾಲುಗಾರರನ್ನಾಗಿ ಮಾಡಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ಕಾಯಿದೆ ಮದುವೆಯಾದವರು ಆಗದವರು ಎಂಬ ಭೇದವಿಲ್ಲದೆ ದೇಶಕ್ಕೆಲ್ಲ ಆ ಹಕ್ಕನ್ನು ವಿಸ್ತರಿಸಿತು. ಆ ದಿನ ತಂದೆ ಬದುಕಿರಬೇಕಾಗಿತ್ತೆ ಇಲ್ಲವೆ ಎಂಬ ತೊಡಕನ್ನು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ಬಿಡಿಸಿತು: ಮಗಳ ಹಕ್ಕೂ ಹುಟ್ಟಿನಿಂದಲೇ ಬಂದದ್ದು, ತಂದೆ ಇದ್ದನೇ ಇಲ್ಲವೇ ಎಂಬುದು ಮುಖ್ಯವಲ್ಲ ಎಂದು. ವಿಜ್ಞಾನೇಶ್ವರನ ಸೂತ್ರವೇ, ಅವನು ಮುಚ್ಚಿಟ್ಟಿದ್ದ ಬಾಗಿಲನ್ನು ತೆರೆಯಿತೆನ್ನಬೇಕು. 2015ರ ಡಿಸೆಂಬರಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವಂತೂ, ಕುಟುಂಬದ ಹಿರಿಯ ಮಗಳು ‘ಕರ್ತಾ’ ಆಗಲು ಅಡ್ಡಿಯಿಲ್ಲವೆಂದು ತೀರ್ಪುಕೊಟ್ಟಿತು. ಇಷ್ಟಾದರೂ ಕಾಯಿದೆ ಕೊಡಬಲ್ಲದ್ದು ಭಾಗವನ್ನು. ಕುರ್ಚಿಯಲ್ಲಿ ಯಾರು ಕುಳಿತುಕೊಳ್ಳಬೇಕೆಂಬುದನ್ನು ಮನೆಯವರೇ ಯೋಚಿಸಬೇಕು.

ಯೋಚಿಸದೆ ಬಿಟ್ಟದ್ದರ ಫಲವನ್ನು ದೇಶವೇ ನೋಡಿದೆ. ಧೀರೂಭಾಯಿ ಅಂಬಾನಿಯವರು ಏನೂ ಇಲ್ಲದೆ ಹೊರಟು ರಿಲಯನ್ಸನ್ನು ಕಟ್ಟಿದ ಸಾಹಸಿ. 2002ರ ಜುಲೈ 6ರಂದು ಅವರು ತೀರಿಕೊಂಡಾಗ ಉಯಿಲು ಇರಲಿಲ್ಲ. ಇಬ್ಬರು ಗಂಡುಮಕ್ಕಳ ಜಗಳ ಬೀದಿಗೆ ಬಂತು; 2005ರ ಜೂನ್ 18ರಂದು ತಾಯಿ ಕೋಕಿಲಾಬೆನ್ ಅವರೇ ಪಾಲು ಹಂಚಿ ಪ್ರಕಟಿಸಬೇಕಾಯಿತು. ಲಕ್ಷಾಂತರ ಜನ ಷೇರುದಾರರಿದ್ದ ಸಂಸ್ಥೆಯ ಭವಿಷ್ಯ ಕಡೆಗೆ ಒಬ್ಬ ತಾಯಿಯ ಮಾತಿನ ಮೇಲೆ ನಿಂತಿತ್ತು. ಆ ತಾಯಿ ಇಲ್ಲದಿದ್ದರೆ?

ಹಾಗಾದರೆ ಬರೆದಿಟ್ಟರೆ ಸಾಕೆ? ಅದೂ ಸಾಲದು. ಲಕ್ಷ್ಮಣರಾವ್ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಟ್ಟು, ರೈತನಿಗೆ ಕಬ್ಬಿಣದ ನೇಗಿಲು ಮಾಡಿಕೊಟ್ಟು, 1910ರಲ್ಲಿ ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅವರ ಸಂತತಿಯವರು 2009ರಲ್ಲಿ ಕುಟುಂಬದ ಒಪ್ಪಂದಪತ್ರವೊಂದಕ್ಕೆ ಸಹಿಹಾಕಿದರು. ಒಬ್ಬರ ವ್ಯವಹಾರಕ್ಕೆ ಇನ್ನೊಬ್ಬರು ಪೈಪೋಟಿ ಕೊಡಕೂಡದೆಂಬ ಮಾತೂ ಅದರಲ್ಲಿತ್ತು. ಆದರೆ ಪೈಪೋಟಿ ಎಂದರೆ ಏನು? ಒಂದು ಶಾಖೆಯ ಕಂಪನಿ 2017ರಲ್ಲಿ ಪಂಪು ತಯಾರಿಸುವ ಬೇರೊಂದು ಸಂಸ್ಥೆಯನ್ನು ಕೊಂಡಾಗ, ಪಂಪು ತಯಾರಿಕೆಯನ್ನೇ ಕುಲವೃತ್ತಿಯಂತೆ ನಡೆಸುತ್ತಿದ್ದ ಇನ್ನೊಂದು ಶಾಖೆ ಅದು ಒಪ್ಪಂದಕ್ಕೆ ವಿರುದ್ಧವೆಂದಿತು. ವಾದ ಬೆಳೆದು, 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಮಧ್ಯಸ್ಥಿಕೆಯಿಂದ ಬಗೆಹರಿಸಿಕೊಳ್ಳಲು ನೋಡಿ ಎಂದು ಬುದ್ಧಿ ಹೇಳುವವರೆಗೆ ಹೋಯಿತು. ನಿಘಂಟಿನ ಕೆಲಸ ಮಾಡಿದವರಿಗೆ ಇದು ಆಶ್ಚರ್ಯವಲ್ಲ. ಶಬ್ದ ಬರೆದರೆ ಮುಗಿಯಲಿಲ್ಲ. ಅದರ ಅರ್ಥದಲ್ಲಿ ಭೇದ ಬಂದಾಗ ನಿರ್ಣಯ ಹೇಳುವವರು ಯಾರು, ವರ್ಷಕ್ಕೆ ಎಷ್ಟು ಬಾರಿ ಕೂಡಿ ಅದನ್ನು ಮತ್ತೆ ಓದಬೇಕು ಎಂಬುದನ್ನೂ ಬರೆದಿರಬೇಕು.

ಇನ್ನು ಚೆನ್ನೈನ ಮುರುಗಪ್ಪ ಮನೆತನ. 1900ರಲ್ಲಿ ಬರ್ಮಾದೇಶದ ಲೇವಾದೇವಿಯಿಂದ ಬೆಳೆದ ಉದ್ಯಮ. ಹೊರಗಿನ ಸಮರ್ಥರ ಕೈಗೆ ಆಡಳಿತವನ್ನು ಕೊಟ್ಟು ಹೆಸರಾದದ್ದು. ಅಂಥ ಮನೆತನದಲ್ಲಿಯೂ, 2017ರಲ್ಲಿ ತೀರಿಕೊಂಡ ಎಂ.ವಿ. ಮುರುಗಪ್ಪನ್ ಅವರ ಮಗಳು ವಳ್ಳಿ ಅರುಣಾಚಲಂ, ವಿಜ್ಞಾನದಲ್ಲಿ ದೊಡ್ಡ ವ್ಯಾಸಂಗ ಮಾಡಿದವರು, ಕುಟುಂಬದ ಮೂಲಸಂಸ್ಥೆಯ ಮಂಡಳಿಯಲ್ಲಿ ಸ್ಥಾನ ಕೇಳಿದಾಗ, 2020ರಲ್ಲಿ ಅದು ಮತಕ್ಕೆ ಬಿದ್ದು ತಿರಸ್ಕೃತವಾಯಿತು. 2023ರಲ್ಲಿ ಎರಡು ಕಡೆಯವರೂ ರಾಜಿಯಾದರು. ಅನ್ಯರಿಗೆ ಬಾಗಿಲು ತೆರೆದ ಮನೆಯಲ್ಲಿ ಮಗಳಿಗೆ ಅದೇ ಬಾಗಿಲು ಎಷ್ಟು ಕಿರಿದಾಗಿತ್ತೆಂಬುದು ಯೋಚಿಸತಕ್ಕ ವಿಷಯ.

ಇದಕ್ಕೆ ಪ್ರತಿಯಾಗಿ ಬೆಂಗಳೂರಿನ ಲಾಲ್‌ಬಾಗ್ ರಸ್ತೆಯತ್ತ ಒಮ್ಮೆ ನೋಡಬಹುದು. ಉಡುಪಿಯ ಕಡೆಯಿಂದ ಬಂದ ಯಜ್ಞನಾರಾಯಣ ಮಯ್ಯರೂ ಅವರ ಸೋದರರೂ 1924ರಲ್ಲಿ ಆರಂಭಿಸಿದ ಉಪಾಹಾರಗೃಹ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದಾಯಿತು. ಮಸಾಲೆಪುಡಿ, ದಿಢೀರ್ ತಿಂಡಿಗಳ ಉದ್ಯಮ ಅದರಿಂದ ಬೇರೆಯಾಗಿ ಬೆಳೆದು 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಸಂಸ್ಥೆಗೆ ಮಾರಾಟವಾಯಿತು. ಹಿರಿಯರ ಹೆಸರನ್ನು ಮಾರಿದರಲ್ಲ ಎಂದು ಆಗ ನನ್ನಂಥವರು ಮರುಗಿದ್ದುಂಟು. ಈಗ ನನ್ನ ಅಭಿಪ್ರಾಯ ಬೇರೆ. ದೇಶವ್ಯಾಪಿಯಾದ ಉದ್ಯಮಕ್ಕೆ ಬೇಕಾದ ಬಂಡವಾಳ ಮನೆಯಲ್ಲಿ ಇಲ್ಲವೆಂದು ಕಂಡಾಗ, ನಡೆಯುತ್ತಿರುವಾಗಲೇ, ಒಳ್ಳೆಯ ಬೆಲೆಗೆ ಒಪ್ಪಿಸುವುದೂ ಉತ್ತರಾಧಿಕಾರದ ಒಂದು ಬಗೆಯೇ. ಉಪಾಹಾರಗೃಹ ಮನೆಯವರಲ್ಲಿಯೇ ಉಳಿಯಿತು. 1999ರಲ್ಲಿ ಹರಿಶ್ಚಂದ್ರ ಮಯ್ಯರು ತೀರಿಕೊಂಡ ಮೇಲೆ ಅದನ್ನು ವಹಿಸಿಕೊಂಡವರು ಮಗಳು ಹೇಮಮಾಲಿನಿ, ತಮ್ಮಂದಿರೂ ಜೊತೆಗೂಡಿದರು. ದೋಸೆ ತಿನ್ನಲು ಸಾಲುಗಟ್ಟಿ ನಿಂತವರು ಯಾರೂ ಯಜಮಾನ ಗಂಡೋ ಹೆಣ್ಣೋ ಎಂದು ಕೇಳಿ ಎದ್ದುಹೋದುದನ್ನು ನಾನು ಕೇಳಿಲ್ಲ.

ಹೊರಗಿನವರನ್ನು ತರುವ ವಿಚಾರಕ್ಕೆ ಬರುತ್ತೇನೆ. 1884ರಲ್ಲಿ ಕಲಕತ್ತೆಯಲ್ಲಿ ವೈದ್ಯರೊಬ್ಬರು ಆರಂಭಿಸಿದ ಡಾಬರ್ ಸಂಸ್ಥೆಯನ್ನು ಬರ್ಮನ್ ಮನೆತನದವರು ತಲೆಮಾರುಗಳ ಕಾಲ ತಾವೇ ನಡೆಸಿದರು. 1998ರಲ್ಲಿ ಅವರು ದಿನನಿತ್ಯದ ಆಡಳಿತದಿಂದ ಹಿಂದೆ ಸರಿದು, ಕುಟುಂಬಕ್ಕೆ ಸೇರದವರೊಬ್ಬರನ್ನು ಮುಖ್ಯಾಧಿಕಾರಿಯನ್ನಾಗಿ ನೇಮಿಸಿದರು. ಒಡೆತನ ಮನೆಯದು, ಮಂಡಳಿಯಲ್ಲಿ ಕುಳಿತು ಧ್ಯೇಯವನ್ನು ನಿರ್ಣಯಿಸುವ ಕೆಲಸ ಮನೆಯದು, ನಡೆಸುವ ಕೆಲಸ ಬಲ್ಲವರದು. ಯಾಗಶಾಲೆಯ ಹಳೆಯ ವ್ಯವಸ್ಥೆಯೇ ಇಲ್ಲಿ ಮತ್ತೆ ಬಂದಿದೆಯೆಂದು ನನಗನ್ನಿಸುತ್ತದೆ. ಮೌನವಾಗಿ ಕುಳಿತು ತಪ್ಪನ್ನು ಹಿಡಿಯುವ ಬ್ರಹ್ಮನ ಕೆಲಸಕ್ಕೂ ಜನರಿದ್ದಾರೆ. 2013ರ ಕಂಪನಿ ಕಾಯಿದೆಯು, ಷೇರುಪೇಟೆಯಲ್ಲಿರುವ ಕಂಪನಿಗಳ ಮಂಡಳಿಯಲ್ಲಿ ಮೂರನೆಯ ಒಂದು ಭಾಗದಷ್ಟಾದರೂ ಸ್ವತಂತ್ರ ನಿರ್ದೇಶಕರಿರಬೇಕೆಂದು ವಿಧಿಸಿದೆ. ಆ ಬ್ರಹ್ಮನು ಯಜಮಾನನ ಭಾವಮೈದುನನೋ ಗೆಳೆಯನೋ ಆಗಿ, ತಪ್ಪು ಕಂಡಾಗಲೂ ಮೌನ ಬಿಡದಿದ್ದರೆ ಕಾಯಿದೆ ಏನು ಮಾಡೀತು?

ನಮ್ಮ ಜಿಲ್ಲಾಕೇಂದ್ರಗಳ ಅಂಗಡಿ ಗಿರಣಿಗಳಲ್ಲಿ ಹೊರಗಿನವರನ್ನು ತರುವುದು ಬೇರೊಂದು ರೀತಿಯಲ್ಲಿ ವಿಫಲವಾಗುತ್ತದೆ. ಮ್ಯಾನೇಜರೆಂಬ ಹೆಸರು ಕೊಟ್ಟು, ಸಂಬಳವನ್ನೂ ಕೊಟ್ಟು, ಅಧಿಕಾರವನ್ನು ಮಾತ್ರ ಕೊಡುವುದಿಲ್ಲ. ಅವನು ಬೆಳಗ್ಗೆ ಹೇಳಿದ್ದನ್ನು ಮಧ್ಯಾಹ್ನ ಯಜಮಾನರ ಮಗ ಬದಲಿಸುತ್ತಾನೆ, ಸಂಜೆ ಚಿಕ್ಕಪ್ಪ ತಿದ್ದುತ್ತಾನೆ. ಕೆಲಸಗಾರರು ಒಂದು ವಾರದಲ್ಲಿಯೇ ಯಾರ ಮಾತಿಗೆ ಬೆಲೆಯೆಂಬುದನ್ನು ಅರಿತುಕೊಳ್ಳುತ್ತಾರೆ. ಎಷ್ಟು ರೂಪಾಯಿಯವರೆಗಿನ ಖರೀದಿಯನ್ನು ಅವನು ಯಾರನ್ನೂ ಕೇಳದೆ ಮಾಡಬಹುದು, ಯಾರನ್ನು ನೇಮಿಸಬಹುದು, ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬ ಮೂರು ಮಾತುಗಳನ್ನು ಬರೆದುಕೊಡದೆ ಯಾರನ್ನೂ ಆ ಸ್ಥಾನಕ್ಕೆ ತರಬಾರದು.

ಮನೆಯ ಮಕ್ಕಳ ವಿಷಯದಲ್ಲಿಯೂ ಹಾಗೆಯೇ. ವ್ಯಾಪಾರಕ್ಕೆ ಬರಬೇಕೆಂದಿರುವ ಮಗನಾಗಲಿ ಮಗಳಾಗಲಿ ಮೊದಲು ಎರಡು ಮೂರು ವರ್ಷ ಬೇರೆಯವರ ಕೈಕೆಳಗೆ ಕೆಲಸ ಮಾಡಿ ಬರಲಿ. ಬೈಸಿಕೊಳ್ಳುವುದನ್ನು ಅಪ್ಪನ ಅಂಗಡಿಯಲ್ಲಿ ಕಲಿಯಲಾಗುವುದಿಲ್ಲ. ಬಂದಮೇಲೆ ಕೆಲಸಕ್ಕೆ ತಕ್ಕ ಹೆಸರು, ಹೆಸರಿಗೆ ತಕ್ಕ ಸಂಬಳ ಇರಲಿ. ಸಂಬಳ ದುಡಿಮೆಗೆ, ಲಾಭಾಂಶ ಒಡೆತನಕ್ಕೆ; ಇವೆರಡನ್ನು ಒಂದೇ ಗಲ್ಲಾಪೆಟ್ಟಿಗೆಯಿಂದ ಲೆಕ್ಕವಿಲ್ಲದೆ ತೆಗೆಯುವ ಮನೆಯಲ್ಲಿ, ದುಡಿಯುವವನಿಗೆ ತಾನು ಕತ್ತೆಯೆನ್ನಿಸುತ್ತದೆ, ದುಡಿಯದವನಿಗೆ ತನಗೆ ಮೋಸವಾಯಿತೆನ್ನಿಸುತ್ತದೆ. ಇಬ್ಬರೂ ಪ್ರಾಮಾಣಿಕವಾಗಿಯೇ ಹಾಗೆ ತಿಳಿದಿರುತ್ತಾರೆ. ಹೊರಗೆ ಹೋಗಬೇಕೆನ್ನುವ ಪಾಲುಗಾರನಿಗೆ ಅವನ ಭಾಗದ ಬೆಲೆಯನ್ನು ಯಾರು ಕಟ್ಟಬೇಕು, ಎಷ್ಟು ಕಂತಿನಲ್ಲಿ ಕೊಡಬೇಕು ಎಂಬುದನ್ನು ಜಗಳ ಹುಟ್ಟುವ ಮುಂಚೆಯೇ ನಿಶ್ಚಯಿಸಿರಬೇಕು. ಸಣ್ಣ ವ್ಯಾಪಾರಸ್ಥರು ಮರೆಯುವ ಇನ್ನೊಂದು ಸಂಗತಿಯುಂಟು. 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ, ಕರಾರಿನಲ್ಲಿ ಬೇರೆ ವಿಧವಾಗಿ ಹೇಳಿರದಿದ್ದರೆ, ಒಬ್ಬ ಪಾಲುದಾರ ತೀರಿಕೊಂಡೊಡನೆ ಪಾಲುದಾರಿಕೆಯೇ ವಿಸರ್ಜಿತವಾಗುತ್ತದೆ. ಇದ್ದವರು ಇಬ್ಬರೇ ಆಗಿದ್ದರಂತೂ ಉಳಿದ ಒಬ್ಬನು ಪಾಲುದಾರನೆನಿಸುವುದು ಯಾರ ಜೊತೆಗೆ?

ಎಲ್ಲಕ್ಕಿಂತ ಕಷ್ಟವಾದದ್ದು ಕುರ್ಚಿಯಿಂದ ಏಳುವುದು. ಯಯಾತಿಯ ಕಥೆಯನ್ನು ನಾನು ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಮಗನ ಯೌವನವನ್ನು ಸಾಲವಾಗಿ ತೆಗೆದುಕೊಂಡು ಸಾವಿರ ವರ್ಷ ಅನುಭವಿಸಿದರೂ ತೃಪ್ತನಾಗದ ಅರಸನೆಂದು ಅವನನ್ನು ಎಲ್ಲರೂ ಹಳಿಯುತ್ತೇವೆ. ಆದರೆ ಅವನು ಕೊನೆಯಲ್ಲಿ ಮಾಡಿದ ಎರಡು ಕೆಲಸಗಳನ್ನು ಮರೆಯುತ್ತೇವೆ. ತೆಗೆದುಕೊಂಡದ್ದನ್ನು ತಾನು ಬದುಕಿರುವಾಗಲೇ ಹಿಂದಕ್ಕೆ ಕೊಟ್ಟ; ಹಿರಿಯ ಮಗ ಯದುವಿರುವಾಗ ಕಿರಿಯನಾದ ಪೂರುವಿಗೆ ಏಕೆ ಪಟ್ಟವೆಂದು ಪ್ರಜೆಗಳು ಕೇಳಿದಾಗ, ಅವರೆದುರಿಗೆ ನಿಂತು ಕಾರಣ ಹೇಳಿದ. ನಮ್ಮ ಹಿರಿಯರಲ್ಲಿ ಎಷ್ಟು ಮಂದಿ ಅಷ್ಟನ್ನಾದರೂ ಮಾಡುತ್ತಾರೆ? ಅರವತ್ತು ದಾಟಿದ ನನ್ನಂಥವರು ಸರ್ಕಾರದ ಕಾನೂನಿನ ದೆಸೆಯಿಂದ ಕುರ್ಚಿ ಬಿಟ್ಟೆವು. ಬಿಟ್ಟ ಮರುದಿನ ಬೆಳಗ್ಗೆ ಕೈಗೆ ಕೆಲಸವಿಲ್ಲದೆ ಎಷ್ಟು ಕಂಗಾಲಾದೆನೆಂದು ನೆನೆದರೆ, ಸ್ವಂತ ಅಂಗಡಿಯ ಹಿರಿಯನು ಏಳಲು ಏಕೆ ಹೆದರುತ್ತಾನೆಂಬುದು ನನಗೆ ತಿಳಿಯುತ್ತದೆ. ಆ ಹೆದರಿಕೆಯನ್ನು ಅವನು ಹಣದ ಆಸೆಯೆಂದು ತೋರಗೊಡುತ್ತಾನೆಯೇ ಹೊರತು, ತಾನು ಬೇಡದವನಾಗುತ್ತೇನೆಂಬ ಭಯವೆಂದು ಒಪ್ಪಿಕೊಳ್ಳುವುದಿಲ್ಲ. ಮನೆಯವರು ಅದನ್ನು ಅರಿತು, ಅವನಿಗೆ ಗೌರವದ ಬೇರೊಂದು ಕೆಲಸವನ್ನು ತೋರಿಸಿ, ಬೀಗದ ಕೈಯನ್ನು ಈಸಿಕೊಳ್ಳಬೇಕು.

ನನ್ನ ಸ್ನೇಹಿತರ ಕಥೆಯನ್ನು ಮುಗಿಸುತ್ತೇನೆ. ಕರಡು ಅವರಿಗೆ ಒಪ್ಪಿಗೆಯಾಗಿತ್ತು. ‘ದೀಪಾವಳಿ ಕಳೆಯಲಿ, ಸಹಿ ಹಾಕೋಣ’ ಎಂದರು. ಎರಡು ದೀಪಾವಳಿಗಳು ಕಳೆದುವು. 2011ರ ಜನವರಿಯ ಒಂದು ಬೆಳಗ್ಗೆ ಅವರ ಹೃದಯ ನಿಂತಿತು. ಪಾಲುದಾರಿಕೆ ಅಂದಿಗೇ ಮುಗಿಯಿತು. ಬ್ಯಾಂಕಿನ ಖಾತೆ ನಿಂತಿತು. ತಮ್ಮ ತನ್ನ ಹಣ ಬರಲೆಂದರು. ಹಿರಿಯ ಮಗನಿಗೆ ಅಚ್ಚುಕೂಟ ಬೇಡ, ಅದು ನಿಂತಿದ್ದ ನಿವೇಶನ ಬೇಕು. ಕಿರಿಯವನು ಬಂದವರಿಗೆಲ್ಲ ಆಗಲಿ ಎಂದು, ತಗಲುವುದಕ್ಕಿಂತ ಕಡಿಮೆ ದರಕ್ಕೆ ಕೆಲಸ ಒಪ್ಪಿಕೊಂಡ. ಯಾವ ಬಾಕಿಯನ್ನು ಮೊದಲು ತೀರಿಸಬೇಕು, ಯಾವ ಯಂತ್ರವನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಬಲ್ಲವಳು ಒಬ್ಬಳೇ ಇದ್ದಳು. ಆಕೆಯ ಸಹಿಗೆ ಬೆಲೆ ಇರಲಿಲ್ಲ. ಎರಡು ವರ್ಷ ಎಳೆದಾಡಿ, 2013ರಲ್ಲಿ ಬಾಗಿಲು ಹಾಕಿದರು. ಯಂತ್ರಗಳನ್ನು ತೂಕದ ಲ���ಕ್ಕದಲ್ಲಿ ಕೊಂಡುಹೋದರು. ಮೂವತ್ತೊಂದು ವರ್ಷ ಅಲ್ಲಿ ದುಡಿದ ಯಂತ್ರದಾಳು, ಅವನಿಗೆ ಪಾಲೂ ಇಲ್ಲ, ಪಟ್ಟವೂ ಇಲ್ಲ, ಲಾರಿ ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತಿದ್ದ. ಕುಟುಂಬದ ವ್ಯಾಪಾರವೆಂದು ನಾವು ಹೇಳುವಾಗ ಅವನ ಕುಟುಂಬವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಮಗಳು ಈಗ ಬೇರೊಂದು ಊರಿನಲ್ಲಿ, ಬೇರೆಯವರ ಮುದ್ರಣಾಲಯದಲ್ಲಿ ವ್ಯವಸ್ಥಾಪಕಿ. ಅಲ್ಲಿ ಆಕೆಯ ಕೆಲಸಕ್ಕೆ ಹೆಸರಿದೆ.

ಆ ಕರಡು ನನ್ನ ಮೇಜಿನ ಸೆಳೆಖಾನೆಯಲ್ಲಿ ಇಂದಿಗೂ ಇದೆ. ಈ ಭಾಷಣಕ್ಕೆ ಸಿದ್ಧನಾಗುವಾಗ ಅದನ್ನು ಮತ್ತೆ ತೆಗೆದು, ಹಳೆಯ ಅಭ್ಯಾಸದಂತೆ ಕೆಂಪು ಪೆನ್ಸಿಲನ್ನು ಕೈಯಲ್ಲಿ ಹಿಡಿದುಕೊಂಡು ಓದಿದೆ. ಕಾಗುಣಿತದ ತಪ್ಪು ಒಂದೂ ಇಲ್ಲ, ವಾಕ್ಯರಚನೆ ನಿರ್ದುಷ್ಟ. ‘ಜ್ಯೇಷ್ಠಪುತ್ರನಿಗೆ’ ಎಂಬ ಶಬ್ದದ ಕೆಳಗೆ ಗೆರೆ ಎಳೆದು ಪಕ್ಕದಲ್ಲಿ ‘ಏಕೆ?’ ಎಂದು ಬರೆದು ಮಡಿಸಿಟ್ಟೆ. ಹದಿನಾರು ವರ್ಷಗಳಿಗೂ ಹಿಂದೆ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. ಸ್ನೇಹಿತರು ನನ್ನನ್ನು ಕರೆದದ್ದು ಒಳ್ಳೆಯ ಕನ್ನಡಕ್ಕಾಗಿ. ಆ ಮನೆಗೆ ಬೇಕಾಗಿದ್ದದ್ದು ಆ ಒಂದು ಪ್ರಶ್ನೆ ಕೇಳುವ ಹೊರಗಿನವನು.

ಈ ಮಾತುಗಳನ್ನು ಕೇಳುತ್ತಿರುವ ಯಾರ ಮನೆಯಲ್ಲಾದರೂ ಅಂಥದೊಂದು ಕರಡು ಹಬ್ಬ ಕಳೆಯಲೆಂದು ಕಾಯುತ್ತಿದ್ದರೆ, ದಯವಿಟ್ಟು ಇಂದೇ ಹೊರಗೆ ತೆಗೆಯಿರಿ. ಎಲ್ಲರನ್ನೂ ಕೂರಿಸಿಕೊಂಡು ಓದಿರಿ. ಕಾಫಿ ತಂದವರನ್ನೂ ಕೂರಿಸಿಕೊಳ್ಳಿ.